ಕುಂಡದ ಮಣ್ಣಲ್ಲಿ ಕೆಂಪು ಮೈಯ ಪುಟ್ಟ ಬಸವನಹುಳು: ಗಿಡ ತಿನ್ನುತ್ತಾ, ಬೇರೆ ಹುಳುವನ್ನು ತಿನ್ನುತ್ತಾ?

ತಾರಸಿತೋಟ (ಪ್ರಶ್ನೆ):

ಜಾಗ ಮಂಗಳೂರು, ತಾರಸಿಯಲ್ಲಿ ಸುಮಾರು 40 ಕುಂಡ. ಆಂಥೂರಿಯಂ, ವೀಳ್ಯದೆಲೆ, ಕರಿಬೇವು, ಒಂದಷ್ಟು ಆರ್ಕಿಡ್. ಮಣ್ಣಿನ ಮಿಶ್ರಣ ಕೆಂಪುಮಣ್ಣು ಎರಡು ಪಾಲು, ಎರೆಗೊಬ್ಬರ ಒಂದು ಪಾಲು, ಕೊಕೊಪೀಟ್ ಒಂದು ಪಾಲು. ಮಳೆ ಹಿಡಿದ ಮೇಲೆ ಎರಡು ಬಗೆಯ ಸಣ್ಣ ಬಸವನಹುಳು ಕಾಣಿಸುತ್ತಿವೆ.

ಮೊದಲನೆಯದು ತೆಳ್ಳಗೆ, ಮೊನಚು ತುದಿ, ದಬ್ಬಣದ ಹಾಗೆ. ಉದ್ದ 8ರಿಂದ 10 ಮಿ.ಮೀ. ಚಿಪ್ಪು ಗಾಜಿನಂತೆ, ಒಳಗಿನ ಮೈ ತಿಳಿ ಹಳದಿ. ಕುಂಡದ ತಟ್ಟೆ ಎತ್ತಿದರೆ ಒಂದೊಂದರಡಿ 30–40 ಸಿಗುತ್ತವೆ. ಎರಡನೆಯದು ಗಿಡ್ಡ. 6 ಮಿ.ಮೀ. ಇರಬಹುದು, ಜೀರಿಗೆಕಾಳಿಗಿಂತ ಸ್ವಲ್ಪ ದಪ್ಪ, ತುದಿ ಮೊಂಡು, ಉರುಳೆಯಾಕಾರ. ಮೈ ಕಿತ್ತಳೆಗೆಂಪು, ಚಿಪ್ಪಿನ ಹಿಂಭಾಗದಲ್ಲಿ ಮಾತ್ರ ಹಳದಿ ಕಾಣುತ್ತದೆ. ಇವು ಬಹಳ ಕಡಿಮೆ, ಹತ್ತು ಕುಂಡ ಹುಡುಕಿದರೆ ನಾಲ್ಕೈದು. ಎರಡು ಸಲ ಇದರ ತಲೆ ಮೊದಲನೆಯ ಬಗೆಯ ಚಿಪ್ಪಿನ ಬಾಯೊಳಗೆ ತೂರಿಕೊಂಡಿತ್ತು. ಸಂಗಾತಿ ಸೇರುತ್ತಿವೆಯೋ, ತಿನ್ನುತ್ತಿದೆಯೋ ಗೊತ್ತಾಗಲಿಲ್ಲ.

ಕೇಳಬೇಕಾದ್ದು: ಇದು ಯಾವ ಜಾತಿ? ಗಿಡಕ್ಕೆ ತೊಂದರೆಯಾ? ಬೇಟೆಗಾರ ಹುಳುವೇ ಆದರೆ ಇದನ್ನೇ ಬೆಳೆಸಿ ಎಲ್ಲ ಕುಂಡಗಳಿಗೂ ಬಿಡಬಹುದಾ? ಊರಿನ ಅಡಿಕೆ ತೋಟದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳುವಿನ ಕಾಟ ಇದೆ, ಅಲ್ಲಿಗೂ ಒಯ್ಯಬಹುದಾ? ಕುಂಡದ ಮಣ್ಣಲ್ಲಿ ಬಿಳಿ, ಹಳದಿ ಮಣಿಗಳಂಥ ಮೊಟ್ಟೆಗಳೂ ಇವೆ. ಅವು ಯಾವುದರವು?

ಭೂತಗನ್ನಡಿ:

ವಿವರಣೆಯ ಪ್ರಕಾರ ಎರಡನೆಯದು ಹಟ್ಟನೆಲ್ಲಾ ಬೈಕಲರ್. ಹಳೆಯ ಬರಹಗಳಲ್ಲಿ ಗುಲೆಲ್ಲಾ ಬೈಕಲರ್ ಎಂದಿರುತ್ತದೆ, ಹುಡುಕುವಾಗ ಎರಡೂ ಹೆಸರು ಹಾಕಿ. ಸ್ಟ್ರೆಪ್ಟಾಕ್ಸಿಡೆ ಕುಟುಂಬದ್ದು. ಆ ಕುಟುಂಬದವರು ಸೊಪ್ಪಿನ ತಂಟೆಗೆ ಹೋಗುವವರಲ್ಲ, ಹೆಚ್ಚುಕಡಿಮೆ ಎಲ್ಲರೂ ಬೇಟೆಗಾರರು. ಹೆಸರು ಬಸವ, ಊಟ ಹುಲಿಯದು.

ನೀವು ನೋಡಿದ್ದು ಊಟವೇ, ಸಂಗಮವಲ್ಲ. ಬಸವನಹುಳುಗಳ ಸಂಗಮದಲ್ಲಿ ಎರಡೂ ಮೈ ಹೊರಚಾಚಿ ಕುತ್ತಿಗೆಯ ಪಕ್ಕ ಒಂದಕ್ಕೊಂದು ತಾಗಿರುತ್ತವೆ. ಒಂದರ ತಲೆ ಇನ್ನೊಂದರ ಚಿಪ್ಪಿನೊಳಗೆ ಮುಳುಗಿ, ಆ ಇನ್ನೊಂದು ಕಾಣದಷ್ಟು ಒಳಕ್ಕೆ ಸರಿದಿದ್ದರೆ ಅದು ಬೇಟೆ.

ಮೊದಲನೆಯದು ಅಲ್ಲೋಪಿಯಾಸ್ ಗ್ರೆಸಿಲೆ ಇರಬೇಕು. ಕುಂಡ, ನರ್ಸರಿ, ಎರೆಗೊಬ್ಬರದ ತೊಟ್ಟಿ ಎಲ್ಲ ಕಡೆ ಸಿಗುವ ಹುಳು. ತಮಾಷೆ ಏನೆಂದರೆ, ತಿನ್ನುವವನಿಗೂ ತಿನ್ನಿಸಿಕೊಳ್ಳುವವನಿಗೂ ಹೆಸರಿಟ್ಟವನು ಒಬ್ಬನೇ, ಸೈನ್ಯದ ಅಧಿಕಾರಿ ಥಾಮಸ್ ಹಟನ್. ವರ್ಷವೂ ಒಂದೇ, 1834. ಹಟ್ಟನೆಲ್ಲಾ ಎಂಬ ಕುಲನಾಮ ಆಮೇಲೆ ಅವನ ನೆನಪಿಗೆ ಬಂದದ್ದು.

ಗುರುತು ಖಚಿತ ಮಾಡಿಕೊಳ್ಳಲು 10 ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಮೈಬಣ್ಣವನ್ನಷ್ಟೇ ನಂಬಬೇಡಿ. ಅಲ್ಲೋಪಿಯಾಸ್‌ನ ಮೈಯೂ ಹಳದಿ, ಮಬ್ಬು ಬೆಳಕಲ್ಲಿ ಕಿತ್ತಳೆಯಂತೆ ಕಾಣುತ್ತದೆ. ನೋಡಬೇಕಾದ್ದು ಚಿಪ್ಪಿನ ಬಾಯಿ. ಬಲಿತ ಹಟ್ಟನೆಲ್ಲಾದ ಬಾಯಿಯ ಅಂಚು ಬಿಳಿಯಾಗಿ ದಪ್ಪವಾಗಿ ಹೊರಕ್ಕೆ ಮಡಚಿರುತ್ತದೆ, ಒಳಗೆ ನಾಲ್ಕು ಸಣ್ಣ ಬಿಳಿ ಉಬ್ಬುಗಳು. ಮೇಲಿನ ಗೋಡೆಯದು ದೊಡ್ಡದು, ಉಳಿದವು ಹೊರ ಅಂಚಿನಲ್ಲಿ, ಬುಡದಲ್ಲಿ, ನಡುಗಂಬದ ಬದಿಯಲ್ಲಿ ಒಂದೊಂದು. ಅಲ್ಲೋಪಿಯಾಸ್‌ನ ಬಾಯಿ ಬರಿದು, ಅಂಚು ಬ್ಲೇಡಿನಷ್ಟು ತೆಳು. ಚಿಪ್ಪಿನ ಮೂಲಕ ಸಾಲಾಗಿ ಬಿಳಿ ಮಣಿ ಕಂಡರೆ ಅದು ಮೊಟ್ಟೆ ಹೊತ್ತ ಅಲ್ಲೋಪಿಯಾಸ್ ಅಥವಾ ಅದರ ಬಳಗದ ಸುಬುಲಿನಾ.

ಈ ಉಬ್ಬುಗಳನ್ನು ಪುಸ್ತಕಗಳು ಹಲ್ಲು ಎನ್ನುತ್ತವೆ. ಅದನ್ನು ಓದಿ ಬಹಳ ಜನ ಇದು ಈ ಹಲ್ಲಿನಿಂದ ಕಚ್ಚುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ಅವು ಚಿಪ್ಪಿನ ಭಾಗ, ಬಾಗಿಲ ಸರಳಿದ್ದಂತೆ. ತಿನ್ನುವ ಹಲ್ಲು ಬೇರೆ, ಮೃದುವಾದ ಬಾಯೊಳಗೆ ಪಟ್ಟಿಯ ಮೇಲೆ ಸಾಲಾಗಿರುತ್ತವೆ. ಸೊಪ್ಪು ತಿನ್ನುವ ಹುಳುವಿನಲ್ಲಿ ಆ ಪಟ್ಟಿ ತುರಿಯುವ ಮಣೆಯ ಹಾಗೆ, ಜೊತೆಗೆ ಎಲೆ ಕತ್ತರಿಸಲು ಮೇಲೊಂದು ದವಡೆ. ಸ್ಟ್ರೆಪ್ಟಾಕ್ಸಿಡೆಗಳಿಗೆ ದವಡೆಯೇ ಇಲ್ಲ, ಪಟ್ಟಿಯ ಹಲ್ಲುಗಳು ಬಾಕುವಿನಂತೆ ನೀಳ, ಮೊನಚು. ಮಾಂಸಕ್ಕೆ ಸಿಕ್ಕಿಸಿ ಎಳೆಯಲು ಹೇಳಿ ಮಾಡಿಸಿದ್ದು, ಎಲೆಗೆ ಕೆಲಸಕ್ಕೆ ಬಾರದ್ದು. ಆದ್ದರಿಂದ ಗಿಡಕ್ಕೆ ತೊಂದರೆಯಾ ಅಂದರೆ, ಇಲ್ಲ.

ಉರುಳೆಯಾಕಾರಕ್ಕೂ ಕಾರಣ ಇದೆ. ಕುಂಡದ ಈ ಸಣ್ಣ ಹುಳುಗಳಿಗೆ ಬಾಗಿಲು ಮುಚ್ಚುವ ಬಿಲ್ಲೆ ಇರುವುದಿಲ್ಲ. ಹೆದರಿದ ಅಲ್ಲೋಪಿಯಾಸ್‌ಗೆ ಉಳಿದ ದಾರಿ ಒಳಕ್ಕೆ, ಇನ್ನೂ ಒಳಕ್ಕೆ ಸರಿಯುವುದು. ಸಪೂರ ಮೈಯ ಹಟ್ಟನೆಲ್ಲಾ ಕುತ್ತಿಗೆ ನೀಳಮಾಡಿ ಅದೇ ಸುರುಳಿಯ ದಾರಿಯಲ್ಲಿ ಹಿಂಬಾಲಿಸುತ್ತದೆ. ಅಗಲ ಚಿಪ್ಪಿನ ಬೇಟೆಗಾರನಿಗೆ ಆ ಕಿಂಡಿ ಸಾಲುವುದಿಲ್ಲ.

ಮರಿಗಳಲ್ಲಿ ಎಡವಟ್ಟಾಗುತ್ತದೆ. ಮರಿ ಹಟ್ಟನೆಲ್ಲಾಗೆ ಬಾಯಿಯ ಉಬ್ಬೂ ಇಲ್ಲ, ದಪ್ಪ ಅಂಚೂ ಇಲ್ಲ, ಚಿಪ್ಪು ಗಿಡ್ಡ. 3 ಮಿ.ಮೀ.ಗಿಂತ ಚಿಕ್ಕದನ್ನು ಫೋಟೋದಲ್ಲಿ ನೋಡಿ ಹೆಸರು ಹೇಳುವವರ ಮಾತು ಅರ್ಧ ನಂಬಿ.

ಕೆಸರುಕಾಲು:

ಮೇಲಿನದಕ್ಕೆ ಕೆಲಸದ ಮಾತು ಒಂದಷ್ಟು ಸೇರಿಸುತ್ತೇನೆ.

ಮಸೂರ ಇಲ್ಲದಿದ್ದರೆ ಸೌತೆಕಾಯಿ ಪರೀಕ್ಷೆ. 5 ಮಿ.ಮೀ. ದಪ್ಪದ ಬಿಲ್ಲೆ ಕತ್ತರಿಸಿ, ಸಂಜೆ ಕುಂಡದ ಒದ್ದೆ ಮಣ್ಣಿನ ಮೇಲಿಟ್ಟು ಮೇಲೊಂದು ಹೆಂಚಿನ ಚೂರು ಮುಚ್ಚಿ. ಬೆಳಗ್ಗೆ ಬಿಸಿಲು ಬರುವ ಮೊದಲು ತಿರುಗಿಸಿ. ಅಲ್ಲೋಪಿಯಾಸ್ ಬಿಲ್ಲೆಗೆ ಅಂಟಿಕೊಂಡು ಮೇಲ್ಮೈ ಕೆರೆದಿರುತ್ತದೆ. ಕೆಂಪು ಮೈಯದ್ದು ಬಿಲ್ಲೆಯನ್ನು ಮುಟ್ಟಿರುವುದಿಲ್ಲ. ಇಲ್ಲೊಂದು ಮೋಸ ಇದೆ: ಬೇಟೆ ಎಲ್ಲಿ ಸೇರುತ್ತದೋ ಬೇಟೆಗಾರ ಅಲ್ಲಿಗೇ ಬರುತ್ತಾನೆ. ಕೆಂಪು ಹುಳು ಬಿಲ್ಲೆಯಡಿ ಸಿಕ್ಕಿತು, ಹಾಗಾಗಿ ಸೌತೆ ತಿನ್ನುತ್ತದೆ ಎಂದು ತೀರ್ಮಾನ ಮಾಡಬೇಡಿ. ಬಿಲ್ಲೆಯ ಮೇಲೆ ಕೆರೆದ ಗುರುತು ಯಾವ ಹುಳುವಿನ ಬಾಯಡಿ ಇದೆ ಅನ್ನುವುದನ್ನು ನೋಡಿ.

ಖಾಲಿ ಚಿಪ್ಪು ಜಾಸ್ತಿ ಸಿಕ್ಕಿದರೂ ಅದೊಂದೇ ಸಾಕ್ಷಿಯಲ್ಲ. ಮಿಂಚುಹುಳದ ಮರಿಗಳೂ ಬಸವನಹುಳು ತಿಂದು ಚಿಪ್ಪು ಬಿಟ್ಟುಹೋಗುತ್ತವೆ. ಬಿಸಿಲಿಗೆ ಸತ್ತವೂ ಇರುವೆ ಬಾಯಿಗೆ ಬಿದ್ದು ಹಾಗೇ ಖಾಲಿಯಾಗುತ್ತವೆ.

ಇನ್ನು ಮೊಟ್ಟೆ. ಮೊದಲು ಉಗುರಿಂದ ಒತ್ತಿ ನೋಡಿ. ನಿಧಾನವಾಗಿ ಕರಗುವ ರಸಗೊಬ್ಬರದ ಗುಂಡುಗಳನ್ನು ಹುಳುವಿನ ಮೊಟ್ಟೆ ಎಂದು ಹೆಕ್ಕಿ ಎಸೆಯುವವರು ಬಹಳ. ನರ್ಸರಿಯಿಂದ ತಂದ ಆಂಥೂರಿಯಂ, ಆರ್ಕಿಡ್ ಕುಂಡದಲ್ಲಿ ಅವು ಇದ್ದೇ ಇರುತ್ತವೆ. 2ರಿಂದ 4 ಮಿ.ಮೀ., ಹಳದಿ ಅಥವಾ ಕಂದು, ಒತ್ತಿದರೆ ಪ್ಲಾಸ್ಟಿಕ್ಕಿನಂತೆ ಸೀಳಿ ಉಪ್ಪುನೀರಿನಂಥದ್ದು ಬರುತ್ತದೆ. ಇಲ್ಲವೇ ಒಣ ಸಿಪ್ಪೆ ಮಾತ್ರ ಉಳಿದಿರುತ್ತದೆ. ಹುಳುವಿನ ಮೊಟ್ಟೆ ಸುಣ್ಣದ ತೆಳು ಕವಚದ್ದು, ಚಿಟಕ್ಕೆಂದು ಒಡೆದು ಲೋಳೆ ಬರುತ್ತದೆ. ಸುಮಾರು 1 ಮಿ.ಮೀ.ನ ಬಿಳಿ ದುಂಡು ಮೊಟ್ಟೆ ಬೇರಿನ ಸುತ್ತ ಸಿಕ್ಕರೆ ಅಲ್ಲೋಪಿಯಾಸ್ ಬಳಗದ್ದು ಅಂದುಕೊಳ್ಳಿ. 5 ಮಿ.ಮೀ. ಸುಮಾರಿನ ತಿಳಿ ಹಳದಿ ಮೊಟ್ಟೆ ಗೊಂಚಲಾಗಿ ನೂರರ ಲೆಕ್ಕದಲ್ಲಿ ಸಿಕ್ಕರೆ ಆಫ್ರಿಕನ್ ಹುಳು. ಆಗ ಕುಂಡದ ಮಣ್ಣನ್ನೆಲ್ಲ ತಟ್ಟೆಗೆ ಸುರಿದು ಹುಡುಕಲೇಬೇಕು.

ಕೈಗವಸು ಹಾಕಿ. ಇಲಿಯ ಶ್ವಾಸಕೋಶದ ಜಂತುವಿನ ಮರಿಗಳು ನೆಲದ ಬಸವನಹುಳುಗಳೊಳಗೆ ಬೆಳೆಯುತ್ತವೆ, ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಯ ಉರಿಯೂತ ತರುತ್ತವೆ. ಮುಟ್ಟಿದ ಕೈ ಸೋಪಿನಿಂದ ತೊಳೆಯದೆ ಬಾಯಿಗೆ ಹೋಗಬಾರದು. ತಾರಸಿಯ ವೀಳ್ಯದೆಲೆ, ಪುದೀನ, ಕೊತ್ತಂಬರಿ ಒಂದೊಂದೇ ಎಲೆ ಬಿಡಿಸಿ ಎರಡೂ ಬದಿ ಉಜ್ಜಿ ತೊಳೆಯಿರಿ. ಪುಟ್ಟ ಮರಿಹುಳು ಎಲೆಯ ಅಡಿಯಲ್ಲಿ ಕಣ್ಣಿಗೇ ಬೀಳುವುದಿಲ್ಲ.

ತಾರಸಿತೋಟ:

ನೋಡಿದೆ. ಬಾಯೊಳಗೆ ಉಬ್ಬುಗಳಿವೆ, ಅಂಚು ಬಿಳಿ. ಮೊಟ್ಟೆ ಎಂದುಕೊಂಡಿದ್ದರಲ್ಲಿ ಹಳದಿಯವೆಲ್ಲ ಗೊಬ್ಬರದ ಗುಂಡು, ಬಿಳಿಯವು ಮಾತ್ರ ಒಡೆದು ಲೋಳೆ ಬಂತು.

ಈಗ ಒಂದು ಡಬ್ಬಿಯಲ್ಲಿ ಇಟ್ಟು ಬೇಟೆ ನೋಡಬೇಕು, ಆಗುವುದಾದರೆ ಮರಿಯೂ ಮಾಡಿಸಬೇಕು ಅನ್ನುವ ಆಸೆ. ಹೇಗೆ ಇಡುವುದು? ಏನು ತಪ್ಪಾಗುತ್ತದೆ?

ಭೂತಗನ್ನಡಿ:

250 ಮಿ.ಲೀ.ನ ಪಾರದರ್ಶಕ, ಅಗಲ ಬಾಯಿಯ ಡಬ್ಬಿ ಸಾಕು. ದೊಡ್ಡ ಡಬ್ಬಿ ತೆಗೆದುಕೊಂಡರೆ 6 ಮಿ.ಮೀ. ಹುಳುವನ್ನು ಹುಡುಕುವುದೇ ದಿನದ ಕೆಲಸವಾಗುತ್ತದೆ.

ತಳಕ್ಕೆ 2 ಸೆಂ.ಮೀ. ಮಣ್ಣು. ತೋಟದ ಮಣ್ಣನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ ಆರಿಸಿ. ಇಡ್ಲಿ ಪಾತ್ರೆಯಾದರೆ ಅದನ್ನು ಮತ್ತೆ ಅಡುಗೆಗೆ ತರಬೇಡಿ. ಬೇಯಿಸುವುದು ಹುಳು ಹಿಡಿದು ತಿನ್ನುವ ಉಣ್ಣಿಗಳು, ಸಣ್ಣ ಹುಳಗಳು ಸಾಯಲಿ ಎಂದು. ಕೊಕೊಪೀಟ್ ಹಾಕುವುದಾದರೆ ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಅದರಲ್ಲಿ ಉಪ್ಪು ಉಳಿದಿರುತ್ತದೆ. ತೆಳು ಚರ್ಮದ ಪ್ರಾಣಿಗೆ ಆ ಉಪ್ಪೇ ಸಾಕು. ಮೇಲೆ ಕೊಳೆಯುತ್ತಿರುವ ಎರಡು ಮೂರು ಎಲೆ, ಹಲಸಿನದು ಅಥವಾ ಗೇರಿನದು. ಬೇವು, ನೀಲಗಿರಿ ಬೇಡ. ಕೋಳಿಮೊಟ್ಟೆಯ ಚಿಪ್ಪಿನ ಪುಡಿ ಒಂದು ಚಿಟಿಕೆ. ಇದು ಬೇಟೆಯ ಹುಳುಗಳಿಗೆ, ಅವುಗಳ ಮೂಲಕವೇ ಬೇಟೆಗಾರನಿಗೂ ಸುಣ್ಣ ಸಿಗುತ್ತದೆ.

ತೇವದ ಅಳತೆ: ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಒಸರಬಾರದು. ನಲ್ಲಿ ನೀರಾದರೆ ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಿ. ಮುಚ್ಚಳಕ್ಕೆ ರಂಧ್ರ ಕೊರೆಯುವ ಬದಲು ನಡುವೆ 3 ಸೆಂ.ಮೀ. ಕಿಂಡಿ ಕತ್ತರಿಸಿ ಒತ್ತು ನೇಯ್ಗೆಯ ಬಟ್ಟೆ ಅಂಟಿಸಿ. ಅಲ್ಲೋಪಿಯಾಸ್ ಮರಿ ದೊಡ್ಡ ಸೂಜಿಯಿಂದ ಚುಚ್ಚಿದ ತೂತಿನಲ್ಲೂ ಪಾರಾಗುತ್ತದೆ. ಜಾಗ ನೆರಳು, 22ರಿಂದ 28 ಡಿಗ್ರಿ. ತಾರಸಿಯ ಮೇಲಿಟ್ಟರೆ ಒಂದು ಗಂಟೆಯ ಬಿಸಿಲಿಗೆ ಎಲ್ಲ ಮುಗಿಯುತ್ತದೆ.

ಒಂದು ಡಬ್ಬಿಗೆ ಎರಡು ಅಥವಾ ಮೂರು ಹಟ್ಟನೆಲ್ಲಾ, ಬೇಟೆಗೆ 15–20 ಅಲ್ಲೋಪಿಯಾಸ್, ಚಿಕ್ಕವು ದೊಡ್ಡವು ಬೆರೆಸಿ. ಬೇಟೆಯ ಹುಳುಗಳಿಗೆ ತಿನ್ನಲು ಸೌತೆಯ ಉಗುರಿನಷ್ಟು ಚೂರು, ಎರಡು ದಿನಕ್ಕೊಮ್ಮೆ ಬದಲಿಸಿ. ಹಿಡಿಯಲು ಚಿಮಟ ಬೇಡ, ಚಿಪ್ಪು ಬಿರಿಯುತ್ತದೆ. 0 ಅಥವಾ 1 ನಂಬರಿನ ಒದ್ದೆ ಕುಂಚದ ತುದಿಗೆ ಅಂಟಿಸಿಕೊಂಡು ಎತ್ತಿ.

ಬೇಟೆ ನೋಡಲು ಕತ್ತಲಾದ ಮೇಲೆ ಕೆಂಪು ಸೆಲೋಫೇನ್ ಸುತ್ತಿದ ಟಾರ್ಚ್. ಬಿಳಿ ಬೆಳಕು ಬಿದ್ದರೆ ಕೊಂಬು ಎಳೆದುಕೊಂಡು ನಿಂತುಬಿಡುತ್ತದೆ. ಅವಸರ ಬೇಡ, ಒಮ್ಮೆ ಚಿಪ್ಪಿನೊಳಗೆ ಹೊಕ್ಕರೆ ಊಟ ನಿಧಾನ. ನಡುವೆ ಕುಂಚದಿಂದ ತಿವಿದರೆ ಬಿಟ್ಟುಹೋಗುತ್ತದೆ, ಮತ್ತೆ ಅದೇ ಬೇಟೆಗೆ ಬರುತ್ತದೆ ಎಂಬ ಖಾತರಿಯಿಲ್ಲ.

ಕೆಡುವುದು ಹೆಚ್ಚಾಗಿ ಮೂರು ಕಾರಣಕ್ಕೆ. ಮೊದಲನೆಯದು ಗೋಡೆಯ ಮೇಲಿನ ನೀರಹನಿ. ನಮಗೆ ಹನಿ, ಅದಕ್ಕೆ ಕೆರೆ. ಚಿಕ್ಕ ಮರಿ ಹನಿಯ ಅಂಟಿಗೆ ಸಿಕ್ಕಿ ಬಿಡಿಸಿಕೊಳ್ಳಲಾರದೆ ಮುಳುಗುತ್ತದೆ. ಬೆಳಗ್ಗೆ ಮುಚ್ಚಳದ ಒಳಬದಿ ಒರೆಸಿ, ಡಬ್ಬಿಯ ಒಂದು ಪಕ್ಕ ಮಾತ್ರ ತೇವ ಮಾಡಿ, ಅದೇ ಬೇಕಾದ ಕಡೆ ಹೋಗಲಿ. ಎರಡನೆಯದು ಖಾಲಿ ಚಿಪ್ಪಿನೊಳಗೆ ಉಳಿದ ಮಾಂಸ ಕೊಳೆತು ಬೂಸು ಬರುವುದು. ವಾರಕ್ಕೊಮ್ಮೆ ಖಾಲಿ ಚಿಪ್ಪು ಎತ್ತಿ ಎಸೆಯಿರಿ, ಆದರೆ ಎಸೆಯುವ ಮೊದಲು ಒಳಗೆ ಬೇಟೆಗಾರನೇ ಕೂತಿಲ್ಲ ಎಂದು ಬೆಳಕಿಗೆ ಹಿಡಿದು ನೋಡಿ. ಮೂರನೆಯದು ಉಪವಾಸ. ಬೇಟೆ ಮುಗಿದದ್ದು ಗೊತ್ತಾಗುವುದಿಲ್ಲ, ಏಕೆಂದರೆ ಖಾಲಿ ಚಿಪ್ಪುಗಳು ಅಲ್ಲೇ ಬಿದ್ದಿರುತ್ತವೆ, ನೋಡುವವರಿಗೆ ಡಬ್ಬಿ ತುಂಬಿದಂತೆಯೇ ಕಾಣುತ್ತದೆ. ಸೌತೆಯ ಚೂರಿನ ಮೇಲೆ ಕೆರೆದ ಗುರುತು ಬರುವುದು ನಿಂತರೆ ಬೇಟೆ ಮುಗಿದಿದೆ ಎಂದು ಲೆಕ್ಕ.

ಮರಿಯ ವಿಷಯದಲ್ಲಿ ಹೆಚ್ಚು ಆಸೆ ಬೇಡ. ಇದು ಇಡುವ ಮೊಟ್ಟೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಅದಕ್ಕೆ ತಕ್ಕಂತೆ ಸಂಖ್ಯೆ ಕಡಿಮೆ. ಮೊಟ್ಟೆ ಕಂಡರೆ ಮುಟ್ಟಬೇಡಿ, ಬೇರೆ ಡಬ್ಬಿಗೆ ಸಾಗಿಸುವುದಾದರೆ ಸುತ್ತಲ ಮಣ್ಣಿನ ಸಮೇತ ಚಮಚದಲ್ಲಿ ಎತ್ತಿ. ಹೊಸ ಮರಿಗೆ ದೊಡ್ಡ ಅಲ್ಲೋಪಿಯಾಸ್ ಕೊಟ್ಟು ಪ್ರಯೋಜನವಿಲ್ಲ, ಅದರ ಅಳತೆಯ ಮರಿಬೇಟೆ ಬೇಕು. ಅಂದರೆ ಪಕ್ಕದಲ್ಲಿ ಅಲ್ಲೋಪಿಯಾಸ್ ಮಾತ್ರ ಇರುವ ಇನ್ನೊಂದು ಡಬ್ಬಿ ಸದಾ ಮೊಟ್ಟೆಯಿಡುತ್ತಿರಬೇಕು. ಬೇಟೆಗಾರನನ್ನು ಸಾಕುವುದೆಂದರೆ ನಿಜಕ್ಕೂ ಬೇಟೆಯನ್ನು ಸಾಕುವುದು.

ಕೆಸರುಕಾಲು:

ಇಷ್ಟೆಲ್ಲ ಮಾಡಿ ಹತ್ತು ಹಟ್ಟನೆಲ್ಲಾ ಸಾಕಿ ಕುಂಡಕ್ಕೆ ಬಿಟ್ಟರೆ ಅಲ್ಲೋಪಿಯಾಸ್ ಹೋಗುತ್ತಾ? ಹೋಗಲ್ಲ, ತಗ್ಗಬಹುದು ಅಷ್ಟೇ. ಬೇಟೆ ಕಡಿಮೆಯಾದ ಕೂಡಲೇ ಬೇಟೆಗಾರನೂ ಕಡಿಮೆಯಾಗುತ್ತಾನೆ, ಅಲ್ಲೋಪಿಯಾಸ್ ಮತ್ತೆ ಏಳುತ್ತದೆ. ನಿಮ್ಮ ತಟ್ಟೆಯಡಿ 40 ಹುಳು ಇರಲು ಕಾರಣ ಬೇಟೆಗಾರ ಇಲ್ಲದ್ದಲ್ಲ, ಅದು ಈಗಾಗಲೇ ಇದೆ. ಕಾರಣ ತಟ್ಟೆ.

ಮೊದಲು ತಟ್ಟೆ ತೆಗೆಯಿರಿ, ಕುಂಡವನ್ನು ಇಟ್ಟಿಗೆ ಚೂರುಗಳ ಮೇಲೆ 3–4 ಸೆಂ.ಮೀ. ಎತ್ತರಿಸಿ. ಅಡಿ ಒಣಗಲಿ. ನೀರು ಬೆಳಗ್ಗೆ ಹಾಕಿ, ಸಂಜೆ ಹಾಕಿದರೆ ರಾತ್ರಿಯಿಡೀ ಮೇಲ್ಮಣ್ಣು ಒದ್ದೆಯಾಗಿದ್ದು ಹುಳುಗಳಿಗೆ ಹಬ್ಬ. ಮೇಲಿನ 2 ಸೆಂ.ಮೀ. ಮಣ್ಣು ಒಣಗಿದ ಮೇಲಷ್ಟೇ ಮತ್ತೆ ನೀರು. ಆಂಥೂರಿಯಂಗೆ ಅಷ್ಟು ಒಣಗುವುದು ಆಗದು ಅನಿಸಿದರೆ ಮೇಲೆ ಇದ್ದಿಲಿನ ಚೂರು ಹರಡಿ, ಬೇರಿಗೆ ತೇವ ಉಳಿಯುತ್ತದೆ, ಮೇಲ್ಮೈ ಒಣಗುತ್ತದೆ. ಮೇಲೆ ಹೇಳಿದ ಸೌತೆಯ ಬಿಲ್ಲೆಯನ್ನೇ ಬಲೆಯಾಗಿ ಬಳಸಿ, ಸತತ ಹತ್ತು ದಿನ ಬೆಳಗ್ಗೆ ಹೆಕ್ಕಿ ಸೋಪುನೀರಿಗೆ ಹಾಕಿದರೆ ಬಲಿತವು ಬಹುಪಾಲು ಹೋಗುತ್ತವೆ. ಎರಡು ವಾರ ಬಿಟ್ಟು ಮತ್ತೆ ಹತ್ತು ದಿನ, ಅಷ್ಟರಲ್ಲಿ ಒಡೆದ ಮೊಟ್ಟೆಗಳ ಮರಿ ದೊಡ್ಡದಾಗಿರುತ್ತವೆ. ಹೆಕ್ಕುವಾಗ ಕೆಂಪು ಮೈಯದ್ದನ್ನು ಕುಂಚದಿಂದ ಎತ್ತಿ ಮಣ್ಣಿಗೆ ಬಿಡಿ.

ಬೇರು ಮೂಲ ಎರೆಗೊಬ್ಬರದ ಚೀಲ. ಹೊಸ ಗೊಬ್ಬರ ಮೊಟ್ಟೆ ಸಮೇತ ಬರುತ್ತದೆ. ಬೇಸಿಗೆಯಲ್ಲಿ, ಮಾರ್ಚ್‌ನಿಂದ ಮೇ ನಡುವೆ, ಒದ್ದೆ ಮಾಡಿದ ಮಣ್ಣುಮಿಶ್ರಣವನ್ನು 15 ಸೆಂ.ಮೀ. ದಪ್ಪಕ್ಕೆ ಹರಡಿ ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚಿಗೆ ಮಣ್ಣು ಒತ್ತಿ 4ರಿಂದ 6 ವಾರ ಬಿಡಿ. ಕಪ್ಪು ಹಾಳೆ ಬೇಡ, ಅದು ತಾನು ಕಾಯುತ್ತದೆ, ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. ಎರೆಗೊಬ್ಬರದ ಎರೆಹುಳುಗಳೂ ಸಾಯುತ್ತವೆ ಎನ್ನುವುದು ನೆನಪಿರಲಿ.

ಉಪ್ಪು ಹಾಕಬೇಡಿ. ಹುಳು ಸಾಯುತ್ತದೆ, ಹಿಂದೆಯೇ ಗಿಡವೂ. ಮೆಟಾಲ್ಡಿಹೈಡ್ ಎಂಬ ಬಸವನಹುಳು ವಿಷದ ಗುಳಿಗೆ ಹಾಕಿದರೆ ಅದಕ್ಕೆ ತಿನ್ನುವವನು, ತಿನ್ನಿಸಿಕೊಳ್ಳುವವನು ಎಂಬ ಭೇದ ಗೊತ್ತಿಲ್ಲ, ಮೈಗೆ ತಾಗಿದರೂ ಕೆಲಸ ಮಾಡುತ್ತದೆ. ನಾಯಿ ಬೆಕ್ಕು ಇರುವ ಮನೆಯಲ್ಲಂತೂ ತರಲೇಬೇಡಿ. ಗುಳಿಗೆಯಲ್ಲಿರುವ ತೌಡಿನ ವಾಸನೆಗೆ ನಾಯಿ ಬಾಯಿ ಹಾಕುತ್ತದೆ, ಸೆಟೆದುಕೊಳ್ಳುತ್ತದೆ.

ಅಡಿಕೆಮರ:

ಆಫ್ರಿಕನ್ ಹುಳುವಿನ ಪ್ರಶ್ನೆ ಉಳಿದಿದೆ. ಚಿಕ್ಕ ಉತ್ತರ: ಒಯ್ಯಬೇಡಿ, ಉಪಯೋಗವಿಲ್ಲ. ಹಟ್ಟನೆಲ್ಲಾ 6–7 ಮಿ.ಮೀ. ಬಲಿತ ಆಫ್ರಿಕನ್ ಹುಳುವಿನ ಚಿಪ್ಪು 10 ಸೆಂ.ಮೀ. ದಾಟುತ್ತದೆ. ಹುಟ್ಟಿದ ಮರಿಯೇ ಹೆಚ್ಚುಕಡಿಮೆ ಬೇಟೆಗಾರನಷ್ಟು ದೊಡ್ಡದು. ಒಂದು ಗೂಡಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆ. ಜೀರಿಗೆಯಷ್ಟು ಹುಳುವಿನಿಂದ ಆ ಲೆಕ್ಕ ತೀರುವುದಿಲ್ಲ.

ಹಾಗಾದರೆ ದೊಡ್ಡ ಬೇಟೆಗಾರ ಹುಳು ತರಬಹುದಲ್ಲ ಎಂದು ಕೇಳುವವರು ಇರುತ್ತಾರೆ. ಅದು ಆಗಿಹೋದ ಪ್ರಯೋಗ. ಅಮೆರಿಕದ ಫ್ಲೋರಿಡಾ ಕಡೆಯ ಯೂಗ್ಲಾಂಡಿನಾ ರೋಸಿಯಾ ಎಂಬ ಬೇಟೆಗಾರ ಬಸವನಹುಳುವನ್ನು ಆಫ್ರಿಕನ್ ಹುಳು ತಿನ್ನಲಿ ಎಂದು 1955ರಲ್ಲಿ ಹವಾಯಿಗೆ ಬಿಟ್ಟರು, 1977ರಲ್ಲಿ ಪೆಸಿಫಿಕ್‌ನ ಮೊರಿಯಾ ದ್ವೀಪಕ್ಕೆ. ಅದು ಲೋಳೆಯ ಜಾಡು ಹಿಡಿದು ಮರವೇರಿ, ದೊಡ್ಡ ಆಫ್ರಿಕನ್ ಹುಳು ಬಿಟ್ಟು ಸುಲಭದ ಸ್ಥಳೀಯ ಪುಟ್ಟ ಹುಳುಗಳನ್ನು ತಿಂದಿತು. ಮೊರಿಯಾದ ಕಾಡಿನಲ್ಲಿದ್ದ ಪಾರ್ಟುಲಾ ಕುಲದ ಏಳು ಜಾತಿಗಳು ಹತ್ತೇ ವರ್ಷದಲ್ಲಿ, 1987ರ ಹೊತ್ತಿಗೆ, ಕಾಡಿನಿಂದ ಅಳಿದವು. ಮೃಗಾಲಯಗಳಲ್ಲಿ ಉಳಿಸಿಕೊಂಡಿದ್ದ ಕೆಲವನ್ನು ಈಗ ಮತ್ತೆ ದ್ವೀಪಗಳಿಗೆ ಬಿಡುತ್ತಿದ್ದಾರೆ. ಆಫ್ರಿಕನ್ ಹುಳು ಹವಾಯಿಯಲ್ಲಿ ಇಂದಿಗೂ ಇದೆ. ಹಟ್ಟನೆಲ್ಲಾ ಕೂಡ ಗಿಡದ ಕುಂಡಗಳ ಜೊತೆ ಕೆರಿಬಿಯನ್ ದ್ವೀಪಗಳಿಗೆ, ಫ್ಲೋರಿಡಾಕ್ಕೆ, ಉತ್ತರ ಆಸ್ಟ್ರೇಲಿಯಾಕ್ಕೆ ತಲುಪಿದೆ. ಇಲ್ಲಿ ಅದು ನಮ್ಮದೇ ಹುಳು, ಅಲ್ಲಿ ಪರಕೀಯ.

ನಮ್ಮ ಪಶ್ಚಿಮ ಘಟ್ಟದಲ್ಲಿ ನೆಲದ ಬಸವನಹುಳುಗಳು ಸುಮಾರು 270 ಜಾತಿ, ಮುಕ್ಕಾಲು ಪಾಲು ಬೇರೆಲ್ಲೂ ಇಲ್ಲದವು, ಬಹಳಷ್ಟು ಉಗುರಿಗಿಂತ ಚಿಕ್ಕವು. ತೋಟದ ಬೇಲಿ ದಾಟಿದರೆ ಕಾಡು ಇರುವ ಊರುಗಳಲ್ಲಿ ಕುಂಡದ ಮಣ್ಣು, ಅದರ ಜೊತೆ ಏನೇನು ಹುಳುವೋ, ಒಯ್ದು ಸುರಿಯುವುದು ಬೇಡ. ಆಫ್ರಿಕನ್ ಹುಳು ಬಂದ ದಾರಿಯೂ ಇಂಥದ್ದೇ: 1847ರಲ್ಲಿ ಚಿಪ್ಪಿನ ಹವ್ಯಾಸಿ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ತಂದು ಕಲ್ಕತ್ತದ ತೋಟದಲ್ಲಿ ಬಿಟ್ಟದ್ದು.

ತೋಟದಲ್ಲಿ ಮಾಡಬೇಕಾದ್ದು ಬೇಸರದ ಕೆಲಸ, ಆದರೆ ಫಲ ಕೊಡುವುದು ಅದೇ. ಮುಂಗಾರಿನ ಮೊದಲ ನಾಲ್ಕೈದು ಮಳೆಯ ಸಂಜೆಗಳು ಮುಖ್ಯ, ಬೇಸಿಗೆ ನಿದ್ದೆಯಿಂದ ಎದ್ದ ಹುಳುಗಳು ಮೊಟ್ಟೆ ಇಡುವ ಮೊದಲೇ ಸಿಗುತ್ತವೆ. ಪಪ್ಪಾಯಿ ಎಲೆ, ಕಾಂಡದ ಚೂರು, ಕೋಸಿನ ಹೊರ ಎಲೆಗಳನ್ನು ಒದ್ದೆ ಗೋಣಿಚೀಲದಡಿ ಇಟ್ಟು 8–10 ಮೀಟರಿಗೊಂದರಂತೆ ಸಾಲುಮಾಡಿ, ಬೆಳಗ್ಗೆ 7ರೊಳಗೆ ಎತ್ತಿ ಹೆಕ್ಕಿ. ತಡವಾದರೆ ಬುಡದ ಸೋಗೆಯಡಿ ಸೇರಿಕೊಳ್ಳುತ್ತವೆ. 10 ಲೀಟರ್ ನೀರಿಗೆ 2 ಕೆ.ಜಿ. ಉಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿ, ಆಮೇಲೆ ತೋಟದಿಂದ ದೂರ ಎರಡಡಿ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ. ಆ ಉಪ್ಪುನೀರು ಅಡಿಕೆ ಬುಡಕ್ಕೆ ಹೋಗಬಾರದು. ಚಪ್ಪಲಿಯಲ್ಲಿ ತುಳಿದು ಬಿಟ್ಟುಬಿಡುವುದೂ ಬೇಡ, ಹೊಟ್ಟೆಯೊಳಗಿನ ಬಲಿತ ಮೊಟ್ಟೆ ಅಲ್ಲೇ ಉಳಿಯುತ್ತದೆ. ಗುಳಿಗೆ ಬೇಕೇಬೇಕು ಅನ್ನುವಲ್ಲಿ ಮೆಟಾಲ್ಡಿಹೈಡ್ ಶೇ. 2.5ರದ್ದು, ಮಳೆ ಬಿಡುವಿದ್ದ ಸಂಜೆ, ಲೇಬಲಿನ ಪ್ರಮಾಣ ಮೀರದೆ, ಹಸು ನಾಯಿ ಕೋಳಿ ಬಾರದ ಕಡೆ ಮಾತ್ರ. ಮರುದಿನ ಸತ್ತವನ್ನು ಹೆಕ್ಕಿ ಹೂಳಬೇಕು.

ಭೂತಗನ್ನಡಿ:

ದಾಖಲೆ ಮಾಡುವವರಿಗೆ ಒಂದು ಮಾತು. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ನಂಥ ಜೀವಿಗಳ ದಾಖಲೆಯ ಜಾಲತಾಣಕ್ಕೆ ಹಾಕುವುದಾದರೆ ಮೂರು ಚಿತ್ರ ಬೇಕು: ನಡೆಯುತ್ತಿರುವ ಜೀವಂತ ಹುಳು, ಚಿಪ್ಪಿನ ಬಾಯಿ ನೇರ ಎದುರಿಗೆ, ಚಿಪ್ಪಿನ ತುದಿಯ ಕಡೆಯಿಂದ. ಅಡಿಯಲ್ಲಿ ಗ್ರಾಫ್ ಹಾಳೆಯ ಮಿ.ಮೀ. ಗೆರೆ. ನಾಣ್ಯದ ಪಕ್ಕ ಇಟ್ಟ ಚಿತ್ರಗಳಲ್ಲಿ ಬಾಯಿಯ ಉಬ್ಬು ಎಣಿಸಲಾಗದಷ್ಟು ಚಿಕ್ಕದಾಗಿ ಬರುತ್ತದೆ. ಬಾಯಿಗೆ ಮಣ್ಣು ಕಚ್ಚಿಕೊಂಡಿದ್ದರೆ ಖಾಲಿ ಚಿಪ್ಪನ್ನು ನೀರಲ್ಲಿ ಒಂದು ಗಂಟೆ ನೆನೆಸಿ ಕುಂಚದಿಂದ ಬಿಡಿಸಿ. ನಿಂಬೆರಸ, ವಿನೆಗರ್ ತಾಗಿಸಬೇಡಿ, ಸುಣ್ಣದ ಚಿಪ್ಪು ಕಣ್ಣೆದುರೇ ಮಂಕಾಗುತ್ತದೆ. ದ್ರವದಲ್ಲಿ ಇಡುವುದಾದರೆ ಶೇ. 70–80ರ ಎಥನಾಲ್. ಫಾರ್ಮಲಿನ್ ಹುಳಿಯಾಗಿ ಚಿಪ್ಪು ತಿನ್ನುತ್ತದೆ. ಸತ್ತ ಚಿಪ್ಪಿನಲ್ಲಿ ಕೆಂಪು ಬಣ್ಣ ಹುಡುಕಬೇಡಿ, ಅದು ಮೈಯದ್ದು, ಚಿಪ್ಪು ಬರೀ ಗಾಜು, ಹಳತಾದರೆ ಹಾಲುಬಿಳುಪು.

ಕಾಡಿನೊಳಗೆ ಎತ್ತುವುದಾದರೆ ಖಾಲಿ ಚಿಪ್ಪಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಘಟ್ಟದ ಕಾಡಿನಲ್ಲಿ ಕೆಂಪು ಮೈಯ, ಆದರೆ ಕೊನೆಯ ಸುರುಳಿ ಒಂದು ಪಕ್ಕಕ್ಕೆ ಜಾರಿದಂತಿರುವ, ಓರೆ ಚಿಪ್ಪಿನದು ಕಂಡರೆ ಅದು ಹಟ್ಟನೆಲ್ಲಾ ಅಲ್ಲ, ಅದೇ ಕುಟುಂಬದ ಬೇರೆ ಕುಲ. ಅದನ್ನು ಇದ್ದಲ್ಲೇ ಚಿತ್ರ ತೆಗೆದು ಬಿಡಿ.

ತಾರಸಿತೋಟ:

ತಟ್ಟೆಗಳನ್ನು ತೆಗೆದಿದೆ, ಗೋಣಿಚೀಲದ ಮಾತು ಊರಿಗೆ ತಿಳಿಸಿದ್ದಾಯಿತು. ಒಂದೇ ಅನುಮಾನ: ಬೇಸಿಗೆಯಲ್ಲಿ ಕುಂಡ ಒಣಗಿದಾಗ ಹಟ್ಟನೆಲ್ಲಾ ಎಲ್ಲಿ ಹೋಗುತ್ತದೆ? ಪೂರ್ತಿ ಸಾಯುತ್ತದಾ?

ಕೆಸರುಕಾಲು:

ಬೇರಿನ ಗಂಟಿನ ನಡುವೆ, ಕುಂಡದ ತಳದ ತೂತಿನ ಹೆಂಚಿನ ಚೂರಿನಡಿ ಹುಡುಕಿ. ಬೇಟೆ ಎಷ್ಟು ಆಳಕ್ಕೆ ಇಳಿದಿರುತ್ತದೋ ಅದರ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಕುಂಡ ಬದಲಿಸುವಾಗ ತಳದ ಚೂರುಗಳನ್ನು ಕುದಿನೀರಿಗೆ ಹಾಕುವ ಮೊದಲು ಒಮ್ಮೆ ತಿರುಗಿಸಿ ನೋಡಿ.